ಮೇಲಿನ 20 ಅಡಿ ಖಾಲಿಯೇ ಇರಬೇಕು

ಹೋದ ಏಪ್ರಿಲ್‌ನ ಒಂದು ಮಧ್ಯಾಹ್ನ. ತೆಂಗಿನ ಗರಿ ಕೂಡ ಅಲ್ಲಾಡದ ಹಾಗೆ ಗಾಳಿ ನಿಂತಿತ್ತು. ಎಣ್ಣೆ ಭಟ್ಟಿಯ ಬಿಸಿನೀರು ತಣ್ಣಗೆ ಮಾಡಲು ಫ್ಯಾನ್ ಇಲ್ಲದೆ ನಾನೇ ಕಟ್ಟಿದ ಗೋಪುರದ ಬುಡದಲ್ಲಿ ಒಂದು ಊದುಬತ್ತಿ ಹಚ್ಚಿ ಹಿಡಿದೆ. ಹೊಗೆ ನೆಟ್ಟಗೆ ಮೇಲೆ ಹೋಗಲಿಲ್ಲ. ಅಡ್ಡಕ್ಕೆ ಬಾಗಿ, ಒಳಗಿಂದ ಯಾರೋ ಹೀರಿಕೊಂಡಂತೆ ಗೋಪುರದೊಳಗೆ ನುಗ್ಗಿತು. ಮೈಸೂರಿನಿಂದ ಬಂದಿದ್ದ ನನ್ನ ಬಾಮೈದ ಪಕ್ಕದಲ್ಲೇ ನಿಂತಿದ್ದ. ಎಂಜಿನಿಯರಿಂಗ್ ಹುಡುಗರಿಗೆ ಪಾಠ ಹೇಳುವವನು. ಎರಡು ವರ್ಷದಿಂದ "ಭಾವ, ಇದು ಆಗೋದಲ್ಲ, ಸುಮ್ನೆ ದುಡ್ಡು ಹಾಳು" ಅನ್ನುತ್ತಿದ್ದವನು. ಏನೂ ಮಾತಾಡಲಿಲ್ಲ. ಇನ್ನೊಂದು ಊದುಬತ್ತಿ ಇಸಕೊಂಡು ಆ ಕಡೆ ಹೋಗಿ ತಾನೇ ಹಿಡಿದು ನೋಡಿದ. ನನಗೆ ಅಷ್ಟು ಸಾಕಿತ್ತು.

ಮಂಡ್ಯ ಅಂದ ಕೂಡಲೇ ಎಲ್ಲರ ಕಣ್ಣಿಗೆ ನಾಲೆ, ಕಬ್ಬು, ಭತ್ತ ಬರುತ್ತದೆ. ನಮ್ಮದು ನಾಗಮಂಗಲ ಕಡೆ. ನಮ್ಮ ಹೊಲಕ್ಕೆ ನಾಲೆ ಇಲ್ಲ, ಬೋರ್‌ವೆಲ್ಲೇ ಗತಿ. ಅದಕ್ಕೇ ಮಜ್ಜಿಗೆ ಹುಲ್ಲು ಹಾಕಿ ಎಣ್ಣೆ ಇಳಿಸಲು ಶುರು ಮಾಡಿದ್ದು. ಹುಲ್ಲಿಗೆ ನೀರು ಕಡಿಮೆ ಸಾಕು ಅಂತ ಲೆಕ್ಕ ಹಾಕಿದೆ. ಭಟ್ಟಿಗೆ ಎಷ್ಟು ಬೇಕು ಅಂತ ಹಾಕಲಿಲ್ಲ.

ನಂದು 500 ಕೆಜಿ ಹುಲ್ಲು ಹಿಡಿಯುವ ಭಟ್ಟಿ. ದಿನಕ್ಕೆ ಎರಡು ಲೋಡು. ಬಾಯ್ಲರ್‌ನಲ್ಲಿ ಗಂಟೆಗೆ ಸುಮಾರು 100 ಲೀಟರ್ ನೀರು ಆವಿಯಾಗುತ್ತದೆ. ಆ ಆವಿ ಹುಲ್ಲಿನೊಳಗೆ ಹಾದು ಎಣ್ಣೆಯನ್ನು ಹೊತ್ತು ತರುತ್ತದೆ. ಅದನ್ನು ಮತ್ತೆ ನೀರು ಮಾಡಲು ಕಂಡೆನ್ಸರ್‌ಗೆ ಗಂಟೆಗೆ 4000 ಲೀಟರ್ ತಣ್ಣೀರು ಹೋಗಬೇಕು. ಎರಡು ಲೋಡಿಗೆ 24-25 ಸಾವಿರ ಲೀಟರ್. ಮೊದಲೆಲ್ಲ ಬೋರ್ ನೀರನ್ನೇ ನೇರ ಬಿಟ್ಟು, ಬಿಸಿಯಾಗಿ ಬಂದದ್ದನ್ನು ತೆಂಗಿನ ಬುಡಕ್ಕೆ ಹರಿಸುತ್ತಿದ್ದೆ. 2 ಇಂಚು ಬರುತ್ತಿದ್ದ ಬೋರು ಅರ್ಧ ಇಂಚಿಗೆ ಇಳಿದ ಮೇಲೆ ಆ ದರ್ಬಾರು ಮುಗಿಯಿತು. ಅದೇ ನೀರನ್ನು ತಣ್ಣಗೆ ಮಾಡಿ ಮತ್ತೆ ಮತ್ತೆ ತಿರುಗಿಸಬೇಕು, ಬೇರೆ ದಾರಿ ಇಲ್ಲ.

2019ರಲ್ಲಿ ಮೈಸೂರಿನ ಗುಜರಿಯಿಂದ ಒಂದು ಹಳೇ ಫೈಬರ್ ಕೂಲಿಂಗ್ ಟವರ್ ತಂದೆ. ಮೇಲೆ ಫ್ಯಾನ್ ಇರುವಂಥದ್ದು. 38 ಸಾವಿರ ಕೊಟ್ಟ ನೆನಪು, ಗಾಡಿ ಬಾಡಿಗೆ ಬೇರೆ. ಸುಳ್ಳು ಹೇಳಬಾರದು, ಚೆನ್ನಾಗಿಯೇ ತಣ್ಣಗೆ ಮಾಡುತ್ತಿತ್ತು. ಆದರೆ ನಮ್ಮ ನೀರು ಗಡಸು. ಒಳಗಿನ ತೆಳು ಪಿವಿಸಿ ಹಾಳೆಗಳಿಗೆ ಆರೇ ತಿಂಗಳಲ್ಲಿ ಸುಣ್ಣ ಕಟ್ಟಿ ಜೇನುಗೂಡು ಕಲ್ಲಾದ ಹಾಗೆ ಆಯಿತು. ಮೋಟರ್ ಮೂರು ಸಲ ಸುಟ್ಟಿತು. ಪ್ರತಿ ಸಲ ರಿವೈಂಡಿಂಗ್‌ಗೆ ಎರಡೂವರೆ ಮೂರು ಸಾವಿರ. ಇದೆಲ್ಲ ಸಹಿಸಬಹುದಿತ್ತು. ಲೋಡು ಅರ್ಧ ಆಗಿರುವಾಗ ಕರೆಂಟ್ ಹೋಗುವುದನ್ನು ಸಹಿಸಲು ಆಗಲಿಲ್ಲ. ಬಾಯ್ಲರ್ ಒಲೆಯನ್ನು ಸ್ವಿಚ್ ಒತ್ತಿ ಆರಿಸಲು ಬರುತ್ತಾ? ಆವಿ ಬರುತ್ತಲೇ ಇರುತ್ತದೆ, ಕಂಡೆನ್ಸರ್ ಬಿಸಿಯಾಗುತ್ತದೆ, ಎಣ್ಣೆ ಗಾಳಿಗೆ ಹೋಗುತ್ತದೆ. ಊರಿಗೆಲ್ಲ ಘಮ ಘಮ, ನನಗೆ ಹೊಟ್ಟೆ ಉರಿ. ಲೋಡಿಗೆ ಬರುವುದೇ ಎರಡೂವರೆ ಮೂರು ಕೆಜಿ. ಅದರಲ್ಲಿ ಅರ್ಧ ಕೆಜಿ ಹಾರಿದರೆ ಆಗಿನ ರೇಟಿನಲ್ಲಿ 600 ರೂಪಾಯಿ. ಪಂಪ್ ಒಂದನ್ನಾದರೆ ಇನ್ವರ್ಟರ್ ಎಳೆಯುತ್ತದೆ, ಪಂಪು ಫ್ಯಾನು ಎರಡನ್ನೂ ನನ್ನ ಇನ್ವರ್ಟರ್ ಎಳೆಯುತ್ತಿರಲಿಲ್ಲ. ಫ್ಯಾನ್ ಬೇಡವೇ ಬೇಡ ಅಂತ ಹಟ ಹುಟ್ಟಿದ್ದು ಹೀಗೆ.

ಮೊದಲನೇ ಗೋಪುರ 2021ರದ್ದು. ಅದರ ಕಥೆ ಹೇಳಲು ನಾಚಿಕೆ ಆಗುತ್ತದೆ. 24 ಅಡಿಯ ಸರ್ವೆ ಗಳ ನಾಲ್ಕು ನೆಟ್ಟು, ಮೇಲಿನಿಂದ ಕೆಳಗಿನವರೆಗೆ ಅಡಕೆ ದಬ್ಬೆ ಅಡ್ಡಡ್ಡ ಕಟ್ಟಿದೆ. ಸುತ್ತ ನೆರಳು ಬಲೆ. ನೀರನ್ನು ತುತ್ತತುದಿಗೆ ಹತ್ತಿಸಿ ಅಲ್ಲಿಂದ ಬಿಟ್ಟೆ. ಜಾಸ್ತಿ ಎತ್ತರದಿಂದ ಬಿದ್ದರೆ ಜಾಸ್ತಿ ತಣ್ಣಗಾಗುತ್ತದೆ ಅನ್ನೋದು ನನ್ನ ತರ್ಕ. ಕೆಳಗೆ ಬಂದ ನೀರು ಗಾಳಿ ಬೀಸಿದ ದಿನ 28 ಡಿಗ್ರಿ, ಗಾಳಿ ಇಲ್ಲದ ದಿನ 36. ಆಷಾಢ ಬಂತು ನೋಡಿ, ಆ ಗಾಳಿಗೆ ನೀರು ಕೆಳಗೆ ಬೀಳುವ ಬದಲು ಅಡ್ಡ ಹಾರಲು ಶುರುವಾಯಿತು. ಪಕ್ಕದ ಹೊಲದಲ್ಲಿ ಹಿಪ್ಪುನೇರಳೆ. ರೇಷ್ಮೆ ಸಾಕುವವರಿಗೆ ಗೊತ್ತು, ಹುಳುವಿಗೆ ಒದ್ದೆ ಸೊಪ್ಪು ಹಾಕಿದರೆ ರೋಗ. ಮೇಲಿಂದ ಎಲೆಯ ಮೇಲೆಲ್ಲ ಬಿಳೀ ಸುಣ್ಣದ ಚುಕ್ಕೆ. ಪಕ್ಕದ ಹೊಲದ ಅಣ್ಣ ಬೆಳಿಗ್ಗೆ ಬೆಳಿಗ್ಗೆ ಬಂದು, "ನೀನು ಎಣ್ಣೆ ಇಳ್ಸು, ಬ್ಯಾಡ ಅನ್ನಕಿಲ್ಲ. ನನ್ನ ಹುಳಾನ ಯಾಕೆ ಸಾಯಿಸ್ತೀಯಪ್ಪ?" ಅಂದರು. ಆ ಬೆಳೆಗೆ ನಾನು ಹೊರಗಿಂದ ಸೊಪ್ಪು ಕೊಡಿಸಬೇಕಾಯಿತು. ನಾಲ್ಕೈದು ಸಾವಿರ ಅಲ್ಲಿ ಹೋಯಿತು.

ಅವರ ಸಮಾಧಾನಕ್ಕೆ ಅಂತ ಸುತ್ತ ಟಾರ್ಪಾಲ್ ಸುತ್ತಿಸಿದೆ. ಬುಡದಲ್ಲಿ ಮೂರಡಿ ಮಾತ್ರ ಬಿಟ್ಟು. ಹನಿ ಹಾರುವುದು ನಿಲ್ಲಲಿ ಅಂತ ಮಾಡಿದ್ದು, ಬೇರೇನೂ ಉದ್ದೇಶ ಇರಲಿಲ್ಲ. ಅವತ್ತು ಸಂಜೆ ಗಾಳಿ ಬಿದ್ದುಹೋಗಿತ್ತು. ನೀರು 36ಕ್ಕೆ ನಿಲ್ಲಬೇಕಿತ್ತು, 32ಕ್ಕೆ ಬಂದಿದೆ! ಥರ್ಮಾಮೀಟರ್ ಕೆಟ್ಟಿದೆ ಅಂದುಕೊಂಡೆ. ಬುಡದ ಹತ್ತಿರ ಬಗ್ಗಿದರೆ ಕಾಲಿಗೆ ತಣ್ಣನೆ ಗಾಳಿ ತಾಗುತ್ತಿದೆ, ಒಳಗೆ ಹೋಗುತ್ತಿದೆ. ಟಾರ್ಪಾಲ್ ಚಿಮಣಿ ಆಗಿತ್ತು. ವಾರದೊಳಗೆ ಇನ್ನೊಂದು ಗಾಳಿ ಬಂದು ಆ ಟಾರ್ಪಾಲನ್ನು ಕಿತ್ತು ದೂರದ ಹುಣಸೆ ಮರಕ್ಕೆ ತಗುಲಿಸಿತು. ಒಂದು ಗಳ ಸೀಳಿತು. ಒಟ್ಟು 22 ಸಾವಿರದ ಗೋಪುರ ಸೌದೆ ಆಯಿತು. ಆದರೆ ಅಷ್ಟರಲ್ಲಿ ನನಗೆ ಬೇಕಾದ್ದು ಸಿಕ್ಕಿತ್ತು.

ಎತ್ತರ ಬೇಕಾಗಿರುವುದು ನೀರಿಗೆ ಅಲ್ಲ, ಗಾಳಿಗೆ. ನೀರು ಕೆಳಗಿನ ಹತ್ತು ಹನ್ನೊಂದು ಅಡಿಯಲ್ಲೇ ಬಿದ್ದು ಮುಗಿಯಬೇಕು. ಅದರ ಮೇಲೆ ಬರೀ ಖಾಲಿ ಕೊಳವೆ. ಇದನ್ನು ಬೆಳ್ಳೂರು ಕಡೆಯ ವೆಲ್ಡಿಂಗ್ ಹುಡುಗನಿಗೆ ಅರ್ಥ ಮಾಡಿಸಲು ಒಂದು ದಿನ ಹಿಡಿಯಿತು. "ಅಲ್ಲ ಕಣಣ್ಣ, ಮ್ಯಾಗಡೆ ಇಪ್ಪತ್ತಡಿ ಖಾಲಿ ಬುಟ್ಟು ಏನ್ ಮಾಡ್ತೀಯ, ಪಾರಿವಾಳ ಸಾಕ್ತೀಯಾ?" ಅಂದ. ಆಮೇಲೆ ಇನ್ನೊಂದು ಅನುಮಾನ. ಒದ್ದೆ ಗಾಳಿ ಭಾರ ಅಲ್ವಾ, ಅದು ಹೆಂಗೆ ಮೇಲೇರುತ್ತದೆ? ಒದ್ದೆ ಬಟ್ಟೆ ಭಾರ, ನಿಜ. ಆದರೆ ನೀರಿನ ಆವಿ ಗಾಳಿಗಿಂತ ಹಗುರ. ಶಾಲೆಯ ಲೆಕ್ಕದಲ್ಲಿ ನೀರಿನ ಅಣುತೂಕ 18, ಗಾಳಿಯದು ಸರಾಸರಿ 29. ಬಿಸಿಯೂ ಆಗಿ ಆವಿಯೂ ತುಂಬಿಕೊಂಡ ಗಾಳಿ ಹೊರಗಿನ ಒಣ ಗಾಳಿಗಿಂತ ಹಗುರಾಗಿಯೇ ಇರುತ್ತದೆ. ಅದು ಮೇಲೇರುತ್ತದೆ, ಬುಡದಿಂದ ಹೊಸ ಗಾಳಿ ಬರುತ್ತದೆ.

ಥರ್ಮಲ್ ಪ್ಲಾಂಟ್‌ಗಳ ಆ ದೊಡ್ಡ ಸೊಂಟದ ಗೋಪುರಗಳೂ ಒಳಗೆ ಹೆಚ್ಚುಕಡಿಮೆ ಖಾಲಿಯೇ. ರಾಜಸ್ಥಾನದ ಕಾಲಿಸಿಂಧ್‌ನಲ್ಲಿ ಇರುವುದು 202 ಮೀಟರ್ ಎತ್ತರ. ನೀರು ಇರುವುದು ಬುಡದಲ್ಲಿ ಮಾತ್ರ. ಆ ಆಕಾರದ ಮೊದಲ ಗೋಪುರ ಕಟ್ಟಿದ್ದು 1918ರಲ್ಲಿ, ನೆದರ್‌ಲ್ಯಾಂಡ್ಸ್‌ನ ಹೀರ್ಲೆನ್ ಹತ್ತಿರದ ಕಲ್ಲಿದ್ದಲು ಗಣಿಗೆ. ನನ್ನದೂ ಡಮರು ಆಕಾರ ಇರಬೇಕಿತ್ತಾ ಅಂತ ತುಂಬ ಜನ ಕೇಳುತ್ತಾರೆ. ಬೇಡ. ಆ ಆಕಾರ ಮುಖ್ಯವಾಗಿ ತೆಳು ಕಾಂಕ್ರೀಟಿಗೆ ಬಲ ಬರಲಿ ಅಂತ. 30 ಅಡಿಯ ಶೀಟ್ ಗೋಪುರಕ್ಕೆ ಚೌಕ ಸಾಕು.

2023ರಲ್ಲಿ ಎರಡನೆಯದು ಎತ್ತಿದೆ. ಬುಡ 6 ಅಡಿ ಚೌಕ, ಎತ್ತರ 30 ಅಡಿ. ನಾಲ್ಕು ಕಾಲಿಗೂ 3 ಅಡಿ ಅಗಲ, 4 ಅಡಿ ಆಳದ ಕಾಂಕ್ರೀಟು, ಮೇಲೆ ನಾಲ್ಕು ಕಡೆ ತಂತಿ ಎಳೆತ. ಆಷಾಢದ ಭಯ ಇನ್ನೂ ಹೋಗಿರಲಿಲ್ಲ. ಆಂಗಲ್ 600 ಕೆಜಿ ಮೇಲಾಯಿತು, 42 ಸಾವಿರ. ಶೀಟು 21. ವೆಲ್ಡಿಂಗ್ ಕೂಲಿ 20. ತೊಟ್ಟಿ, ಕಾಂಕ್ರೀಟು ಸೇರಿ 25 ಇರಬಹುದು. ಪೈಪು ಗೀಪು 7. ಎಲ್ಲ ಸೇರಿ 1 ಲಕ್ಷ 15 ಸಾವಿರ ದಾಟಿತು. ನಮ್ಮ ಮನೆಯವಳು ಇದಕ್ಕಿಂತ ಹೆಚ್ಚು ಅಂತ ವಾದ ಮಾಡುತ್ತಾಳೆ, ಚೀಟಿ ಅವಳ ಹತ್ತಿರ ಇದೆ.

ನಿಂತ ಕೂಡಲೇ ಕೆಲಸ ಮಾಡಿತು ಅಂದುಕೊಳ್ಳಬೇಡಿ. ನೀರು 35. ತಲೆ ಕೆಟ್ಟುಹೋಯಿತು. ಬುಡದಲ್ಲಿ ಗಾಳಿಗೆ ಬಿಟ್ಟಿದ್ದು ಒಂದೂವರೆ ಅಡಿ. ಹನಿ ಆಚೆ ಬರಬಾರದು ಅನ್ನೋ ಹಳೇ ಹೆದರಿಕೆ. ಗೋಪುರ ಗಾಳಿಯನ್ನು ಎಳೆಯುವ ಎಳೆತ ಎಷ್ಟು ಸಣ್ಣದು ಅಂದರೆ, ನೀರಿನ ಮಟ್ಟದಲ್ಲಿ ಅಳೆದರೆ ಒಂದು ಮಿಲಿಮೀಟರಿನ ಐದನೇ ಒಂದು ಭಾಗವೂ ಬರುವುದಿಲ್ಲ. ಫ್ಯಾನ್ ಆದರೆ ಸಂದಿಯಲ್ಲೂ ಗಾಳಿ ತಳ್ಳುತ್ತದೆ, ಇದು ತಳ್ಳುವುದಿಲ್ಲ. ಗ್ಯಾಸ್ ಕಟಿಂಗ್ ಮಾಡಿಸಿ ಬಾಯಿಯನ್ನು 4 ಅಡಿ ಮಾಡಿದೆ. ಮೂರು ಸಾವಿರ ದಂಡ. 32ಕ್ಕೆ ಬಂತು. ಆಮೇಲೆ ಊದುಬತ್ತಿ ಹಿಡಿದು ಏಣಿ ಹತ್ತಿದೆ. ಶೀಟ್ ಜಾಯಿಂಟುಗಳಲ್ಲೆಲ್ಲ ಹೊಗೆ ಒಳಗೆ ಹೋಗುತ್ತಿದೆ. ಮೇಲಿನ ಸಂದಿಯಿಂದ ಹೊರಗಿನ ಗಾಳಿ ನುಗ್ಗಿದರೆ ಚಿಮಣಿಯೊಳಗಿನ ಬಿಸಿ ಗಾಳಿ ಅಲ್ಲೇ ಸಪ್ಪೆ ಆಗುತ್ತದೆ. ಸಂದಿ ಮುಚ್ಚಲು ಎರಡು ದಿನ ಹಿಡಿಯಿತು. ಇನ್ನೂ ಒಂದು ಡಿಗ್ರಿ ಇಳಿಯಿತು. ಮೂರನೆಯದು ಅಡ್ಡ ಗಾಳಿ. ಬೀಸುಗಾಳಿ ಒಂದು ಬಾಯಿಂದ ಹೊಕ್ಕು ಎದುರು ಬಾಯಿಂದ ಹೊರಟು ಹೋಗುತ್ತಿತ್ತು, ಮೇಲೆ ಹತ್ತುತ್ತಲೇ ಇರಲಿಲ್ಲ. ಬುಡದಲ್ಲಿ ಮೂಲೆಯಿಂದ ಮೂಲೆಗೆ ಎರಡು ಶೀಟು ಕತ್ತರಿ ಹಾಕಿದ ಹಾಗೆ ನಿಲ್ಲಿಸಿದೆ. ಯಾವ ದಿಕ್ಕಿಂದ ಬಂದರೂ ಗಾಳಿ ಅಲ್ಲಿ ತಡೆದು ಮೇಲಕ್ಕೇ ತಿರುಗಬೇಕು. 700 ರೂಪಾಯಿ ಕೆಲಸ, ಎಲ್ಲಕ್ಕಿಂತ ಜಾಸ್ತಿ ಲಾಭ ಕೊಟ್ಟಿದ್ದು ಇದೇ.

ಹನಿ ಒಡೆಯಲು ಒಳಗೆ ಏನು ತುಂಬಬೇಕು ಅನ್ನೋದರ ಮೇಲೆ ಎಷ್ಟು ಆಟ ಆಡಿದೆನೋ. ಅಡಕೆ ದಬ್ಬೆ ಚೆನ್ನಾಗಿತ್ತು, ಒಂದೂವರೆ ವರ್ಷಕ್ಕೆ ಕೊಳೆಯಿತು. ತೆಂಗಿನ ಸಿಪ್ಪೆ ಹಾಕಿದೆ. ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ಹದಿನೈದೇ ದಿನಕ್ಕೆ ನಾರಿತು. ನೀರಿನ ಬಾಟಲ್ ಕತ್ತರಿಸಿ ಸುರಿದೆ. ನೀರು ಒಂದೇ ಕಡೆ ದಾರಿ ಮಾಡಿಕೊಂಡು ಧಾರೆಯಾಗಿ ಇಳಿಯಿತು. ಕೊನೆಗೆ ಮಾರ್ಕೆಟ್ಟಿನ ಒಡೆದ ಟೊಮೆಟೊ ಕ್ರೇಟು. ಒಂದಕ್ಕೆ 40 ರೂಪಾಯಿಯಂತೆ 70 ಕ್ರೇಟು ತಂದು ಐದು ಸಾಲು ಜೋಡಿಸಿದೆ. ಸುಣ್ಣ ಕಟ್ಟಿದರೆ ಹೊರಗೆ ಎಳೆದು ನೆಲಕ್ಕೆ ಬಡಿದರೆ ಉದುರುತ್ತದೆ. ಸುಮ್ನೆ ಒಂದರ ಮೇಲೊಂದು ಇಟ್ಟರೆ ಮಾತ್ರ ಕೆಲಸ ಆಗಲ್ಲ. ಹೇಗೆ ತಿರುಗಿಸಿ ಇಡಬೇಕು ಅನ್ನೋದು ನನ್ನ ಹತ್ತಿರವೇ ಇರಲಿ. ನೀರು ಬಿಡುವ ಪೈಪಿನ ತೂತಿನ ಅಳತೆಯೂ ಅಷ್ಟೇ, ಆ ಪೈಪು ಹಾಳು ಮಾಡಿಕೊಂಡವನು ನಾನು.

ಪಾಚಿಯದ್ದೊಂದು ಕಥೆ. ತೊಟ್ಟಿಯಲ್ಲಿ ಸೊಳ್ಳೆ ಮರಿ ಆಗುತ್ತವೆ ಅಂತ ಗಪ್ಪಿ ಮೀನು ಬಿಟ್ಟಿದ್ದೆ. 30 ಡಿಗ್ರಿ ನೀರಿನಲ್ಲಿ ಹಾಯಾಗಿದ್ದವು, ಮರಿಯೂ ಹಾಕಿದವು. ಪಾಚಿ ಜಾಸ್ತಿ ಆಯಿತು ಅಂತ ಒಂದು ದಿನ ಮೈಲುತುತ್ತ ಹಾಕಿದೆ. ಬೆಳಿಗ್ಗೆ ನೋಡಿದರೆ ಪಾಚಿಗಿಂತ ಮುಂಚೆ ಮೀನೇ ಹೋಗಿದ್ದವು. ಮಗಳು ಎರಡು ದಿನ ಮಾತಾಡಿಸಲಿಲ್ಲ. ಈಗ ತೊಟ್ಟಿಗೆ ಬಿಸಿಲು ಬೀಳದ ಹಾಗೆ ಹಳೇ ಶೀಟು ಮುಚ್ಚಿದ್ದೇನೆ, ಪಾಚಿ ತಾನಾಗಿ ಕಡಿಮೆ ಆಯಿತು. ಹೊಸ ಮೀನೂ ಬಂದಿವೆ. ಚಿಮಣಿಯ ಪಡುವಣ ಮುಖಕ್ಕೆ ಕಪ್ಪು ಬಣ್ಣ ಹೊಡೆದೂ ನೋಡಿದೆ, ಬಿಸಿಲಿಗೆ ಕಾದು ಎಳೆತ ಹೆಚ್ಚಲಿ ಅಂತ. ಮಧ್ಯಾಹ್ನ ಅರ್ಧ ಡಿಗ್ರಿ ಸಿಕ್ಕಿತೋ ಇಲ್ಲವೋ. ಬಣ್ಣದ ದುಡ್ಡು ಹುಟ್ಟಲಿಲ್ಲ.

ಈಗಿನ ಲೆಕ್ಕ ಹೇಳುತ್ತೇನೆ. ಏಪ್ರಿಲ್ ಮಧ್ಯಾಹ್ನ ನೀರು 45-46ಕ್ಕೆ ಒಳಗೆ ಹೋಗಿ 29-30ಕ್ಕೆ ಬರುತ್ತದೆ. ಬೆಳಗಿನ ಹೊತ್ತು 27. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಆ ಮಧ್ಯಾಹ್ನ 22-23 ತೋರಿಸುತ್ತದೆ. ಅದಕ್ಕಿಂತ ಕೆಳಗೆ ಯಾವ ಗೋಪುರವೂ ಇಳಿಸಲಾರದು, ಬೆಳೆಯ ಮೇಲೆ ಸಾಲ ಮಾಡಿ ಕಟ್ಟಿದರೂ. ಫ್ಯಾನ್ ಟವರ್ ಇನ್ನೆರಡು ಡಿಗ್ರಿ ಕೆಳಗೆ ಕೊಡುತ್ತಿತ್ತು, ಒಪ್ಪುತ್ತೇನೆ. ಎಣ್ಣೆಗೆ ಆ ಎರಡು ಡಿಗ್ರಿ ಬೇಕಿಲ್ಲ. ಒಲೆ ಹಚ್ಚಿದ ಮೊದಲ ಹತ್ತು ಹದಿನೈದು ನಿಮಿಷ ಗೋಪುರ ಸತ್ತ ಹಾಗೆ ಇರುತ್ತದೆ. ಬಿಸಿನೀರು ಬಂದ ಮೇಲೇ ಅದಕ್ಕೆ ಉಸಿರು. ಗಾಬರಿ ಆಗಬೇಡಿ.

ನೀರು ದಿನಕ್ಕೆ 900 ಲೀಟರ್ ಆಸುಪಾಸು ಸೇರಿಸಿದರೆ ಸಾಕು. ಇದರಲ್ಲಿ 600-700 ಆವಿಯಾಗಿ ಹೋಗುತ್ತದೆ. ಕಂಡೆನ್ಸರಿನಲ್ಲಿ 100 ಲೀಟರ್ ಆವಿ ನೀರಾದರೆ ಗೋಪುರದಲ್ಲಿ ಹತ್ತಿರ ಹತ್ತಿರ ಅಷ್ಟೇ ನೀರು ಆವಿಯಾಗಬೇಕು. ಅಲ್ಲಿ ಉಳಿದ ಬಿಸಿ ಇಲ್ಲಿ ಹೋಗಬೇಕಲ್ಲ. ಉಳಿದ 200-250 ಲೀಟರ್ ನಾನೇ ಬೇಕಂತ ತೆಂಗಿಗೆ ಬಿಡುತ್ತೇನೆ. ಬಿಡದೆ ಜಿಪುಣತನ ಮಾಡಿದರೆ ನೀರು ಆವಿಯಾಗಿ ಸುಣ್ಣ ಹಿಂದೆ ಉಳಿದು ಕಂಡೆನ್ಸರ್ ಕೊಳವೆ ಕಟ್ಟುತ್ತದೆ. ಒಂದು ತಿಂಗಳು ಜಿಪುಣತನ ಮಾಡಿ ನೋಡಿದ್ದೇನೆ.

ಪಂಪು ಅರ್ಧ ಎಚ್‌ಪಿ. ನೀರನ್ನು 11 ಅಡಿ ಎತ್ತಬೇಕು ಅಷ್ಟೇ, ಇನ್ವರ್ಟರ್ ಆರಾಮಾಗಿ ಎಳೆಯುತ್ತದೆ. ಕರೆಂಟ್ ಹೋದದ್ದು ಈಗ ನಮಗೆ ಮನೆಯ ಟಿವಿ ನಿಂತಾಗಲೇ ಗೊತ್ತಾಗುವುದು. ಬಾಮೈದನ ಪುಸ್ತಕದ ಪ್ರಕಾರ ಇಷ್ಟು ಸಣ್ಣ ಕೆಲಸಕ್ಕೆ ಫ್ಯಾನ್ ಟವರೇ ಅಗ್ಗ. ಕಟ್ಟುವ ದಿನದ ಲೆಕ್ಕದಲ್ಲಿ ಅವನು ಹೇಳುವುದು ಸರಿಯೇ. ಗಾಳಿಗೆ ಹಾರಿದ ನನ್ನ ಎಣ್ಣೆಯ ಲೆಕ್ಕ ಅವನ ಪುಸ್ತಕದಲ್ಲಿ ಇಲ್ಲ.

ಮುಂದಿನ ತಿಂಗಳು ಅವನ ಹುಡುಗರನ್ನೆಲ್ಲ ಕರೆದುಕೊಂಡು ಬರುತ್ತಾನಂತೆ, ತೋರಿಸಲು. ಬರಲಿ, ಊಟ ಹಾಕಿಸೋಣ. ಅಷ್ಟರೊಳಗೆ ಬುಡದ ಬಾಯಿಂದ ಬಗ್ಗಿದರೆ ಕ್ರೇಟು ಕಾಣದ ಹಾಗೆ ಒಂದು ಬಲೆ ಕಟ್ಟಬೇಕು.