ಹಳೆಯ ಐಷಾರಾಮಿ ಕಾರು ಕೊಳ್ಳುವಿರಾ? ಮೊದಲು ಮ್ಯಾಟ್ ಎತ್ತಿ

ಲಕ್ಷ ಕಿ.ಮೀ. ದಾಟಿದ ಬೆಂಜ್ ಇ-ಕ್ಲಾಸ್, ಬಿಎಂಡಬ್ಲ್ಯು 5 ಸೀರೀಸ್ ಎಲ್ಲ ಈಗ ಹೊಸ ಸಣ್ಣ ಕಾರಿನ ದುಡ್ಡಿಗೇ ಸಿಗುತ್ತವೆ. ಇಳಿದದ್ದು ಕಾರಿನ ಬೆಲೆ ಮಾತ್ರ, ಬಿಡಿಭಾಗದ್ದಲ್ಲ. ಕೊಂಡ ಬೆಲೆಯ ಮೂರನೇ ಒಂದು ಪಾಲು ರಿಪೇರಿಗೆಂದು ಕೈಯಲ್ಲಿಲ್ಲದವರು ಆ ಕಡೆ ತಲೆ ಹಾಕದಿರುವುದೇ ಲೇಸು.

ಕೊಡಗಿನ ಮಳೆಯಲ್ಲಿ ನಿಂತ ಕಾರಾದರೆ ಬಾನೆಟ್ ಆಮೇಲೆ ತೆಗೆಯಿರಿ. ಮ್ಯಾಟ್ ಎತ್ತಿ ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಿ ನೋಡಿ. ಮೇಲೆ ಒಣಗಿದ್ದರೂ ಅಡಿಯ ಸ್ಪಂಜು ತಿಂಗಳುಗಟ್ಟಲೆ ನೀರು ಹಿಡಿದಿರುತ್ತದೆ. ಮುಗ್ಗಲು ವಾಸನೆ ಮುಚ್ಚಲು ಸೆಂಟು ಹೊಡೆದಿದ್ದರೆ ಇನ್ನೂ ಅನುಮಾನಪಡಿ. ಸನ್‌ರೂಫಿನ ಮೂಲೆಗಳಿಂದ ನೀರಿಳಿಯುವ ಸಣ್ಣ ಕೊಳವೆಗಳಿರುತ್ತವೆ. ಮರದಡಿ ನಿಲ್ಲಿಸಿದ ಕಾರಿನಲ್ಲಿ ಅವು ಎಲೆಪುಡಿ, ಪಾಚಿಯಿಂದ ಕಟ್ಟಿಕೊಂಡು ನೀರು ಒಳಗಿಳಿಯುತ್ತದೆ. ಕಾರ್ಪೆಟ್ ಅಡಿಯ ವೈರಿಂಗ್ ಕನೆಕ್ಟರುಗಳು ಹಸಿರು ಕಿಲುಬು ಹಿಡಿಯುತ್ತವೆ. ಆಮೇಲೆ ದಿನಕ್ಕೊಂದು ವಾರ್ನಿಂಗ್ ಲೈಟ್. ಸನ್‌ರೂಫ್ ತೆರೆದು ಮೂಲೆಗೆ ಅರ್ಧ ಲೋಟ ನೀರು ಹಾಕಿ. ಕ್ಷಣದಲ್ಲಿ ಕಾರಿನಡಿ ತೊಟ್ಟಿಕ್ಕಬೇಕು. ಕಟ್ಟಿದ್ದರೆ ತೋಟದಲ್ಲಿ ಕಳೆ ಹೊಡೆಯುವ ಯಂತ್ರದ ನೈಲಾನ್ ದಾರವನ್ನು ಮೆಲ್ಲಗೆ ತೂರಿಸಿ. ಕಂಪ್ರೆಸರ್ ಗಾಳಿ ಬೇಡ, ಕೊಳವೆ ಒಳಗೇ ಕಳಚಿಕೊಳ್ಳಬಹುದು.

ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ನೀವು ಹೋಗುವ ಮೊದಲೇ ಬಾನೆಟ್ ಬೆಚ್ಚಗಿದ್ದರೆ ಇನ್ನೊಂದು ದಿನ ಬನ್ನಿ. ಏರ್ ಸಸ್ಪೆನ್ಷನ್ (ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಬೆಲೂನು) ಇದ್ದರೆ ರಾತ್ರಿಯಿಡೀ ನಿಂತ ಕಾರಿನ ಒಂದು ಮೂಲೆ ಕುಸಿದಿದೆಯೇ ಗಮನಿಸಿ. ಸೋರುವ ಬೆಲೂನಿಗೆ ಗಾಳಿ ತುಂಬಿ ತುಂಬಿ ಕಂಪ್ರೆಸರ್ ಕೂಡ ಸುಟ್ಟುಹೋಗುತ್ತದೆ. 2007ರ ನಂತರ ಬಂದ ಬಿಎಂಡಬ್ಲ್ಯು 2.0 ಡೀಸೆಲ್‌ನಲ್ಲಿ (ಎನ್47) ಟೈಮಿಂಗ್ ಚೈನ್ (ಎಂಜಿನ್ ವಾಲ್ವುಗಳನ್ನು ತಾಳ ತಪ್ಪದೆ ಓಡಿಸುವ ಸರಪಳಿ) ಗೇರ್‌ಬಾಕ್ಸ್ ಕಡೆಗಿದೆ. ಎಂಜಿನ್ ಹಿಂಭಾಗದಿಂದ ಕರಕರ ಸದ್ದು ಕೇಳಿದರೆ ಕೈಬಿಡಿ, ಭಾರೀ ಬಿಚ್ಚಾಟದ ಕೆಲಸವದು.

ಮಡಿಕೇರಿ ಪೇಟೆಯೊಳಗೆ ಒಂದು ಸುತ್ತು ಹಾಕಿದರೆ ಗೇರ್‌ಬಾಕ್ಸ್ ಗುಣ ತಿಳಿಯದು. ಸಂಪಾಜೆಯಿಂದ ಘಾಟಿ ಹತ್ತಿಸಿ. ಬಿಸಿಯಾದ ಮೇಲೆ ಗಾಡಿ ನಿಲ್ಲಿಸಿ, ಬ್ರೇಕ್ ಒತ್ತಿಕೊಂಡೇ ಆಟೊಮ್ಯಾಟಿಕ್ ಗೇರನ್ನು ಡಿಯಿಂದ ಆರ್‌ಗೆ ಹಾಕಿ. ದಡ್ ಎಂದರೆ, ಅಥವಾ ಹಿಡಿಯಲು ತಡಮಾಡಿದರೆ ಒಳಗೆ ಸವೆದಿರಬಹುದು. ಗೇರ್‌ಬಾಕ್ಸಿನ ಎಣ್ಣೆ ಬದಲಿಸುವುದೇ ಬೇಡ ಎಂಬ ಮಾತು ನಂಬಬೇಡಿ. ಬಿಎಂಡಬ್ಲ್ಯುಗೆ ಗೇರ್‌ಬಾಕ್ಸ್ ತಯಾರಿಸಿಕೊಡುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ.ಗೊಮ್ಮೆ ಬದಲಿಸಲು ಹೇಳುತ್ತದೆ. ಅದರ 6 ಗೇರಿನ ಡಬ್ಬದಲ್ಲಿ ಪ್ಲಾಸ್ಟಿಕ್ ಎಣ್ಣೆತಟ್ಟೆಯೊಳಗೇ ಫಿಲ್ಟರ್ ಇರುವುದರಿಂದ ಇಡೀ ತಟ್ಟೆಯನ್ನೇ ಬದಲಿಸಬೇಕು.

ಕಾಗದಪತ್ರ: ಹೆಸರು ವರ್ಗಾವಣೆಗೆ ಫಾರಂ 29, 30. ಕಾರಿನ ಮೇಲಿನ ಸಾಲ ತೀರಿದ್ದರೆ ಆರ್‌ಸಿಯಿಂದ ಅದನ್ನು ತೆಗೆಸಲು ಫಾರಂ 35. ಕೇರಳದ ಗಾಡಿಯಾದರೆ ಅಲ್ಲಿಯ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿಯ ತೆರಿಗೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. 15 ವರ್ಷದ ಹತ್ತಿರ ಬಂದ ಕಾರಿಗೆ ನೋಂದಣಿ ನವೀಕರಣದ ಖರ್ಚೂ ಇದೆ.

ಕೊಂಡ ಮೇಲೆ ಬ್ರೇಕ್ ಆಯಿಲ್ 2 ವರ್ಷಕ್ಕೊಮ್ಮೆ ಬದಲಿಸಿ. ಅದು ತೇವ ಹೀರುತ್ತದೆ, ಘಾಟಿ ಇಳಿಯುವಾಗ ಕುದಿದು ಪೆಡಲ್ ಮೆತ್ತಗಾಗುತ್ತದೆ. ವಾರಗಟ್ಟಲೆ ಶೆಡ್ಡಿನಲ್ಲೇ ನಿಲ್ಲುವ ಕಾರಿಗೆ ಬ್ಯಾಟರಿ ಚಾರ್ಜರ್ ಹಾಕಿಡಿ. ವೋಲ್ಟೇಜ್ ಇಳಿದರೆ ಇಲ್ಲದ ದೋಷಗಳನ್ನೆಲ್ಲ ಕಂಪ್ಯೂಟರ್ ತೋರಿಸುತ್ತದೆ.