ಆಷಾಢದಲ್ಲಿ ಬಾಡಿಗೆ ಮನೆ ಬಿಟ್ಟಾಗ ಕೊಟ್ಟದ್ದೆಷ್ಟು, ಉಳಿದದ್ದೆಷ್ಟು

ಶಿವಮೊಗ್ಗದ ವಿನೋಬನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಕರಾರು 2025ರ ಫೆಬ್ರವರಿ 1ರಿಂದ ಡಿಸೆಂಬರ್ 31ರವರೆಗೆ, ಅಂದರೆ 11 ತಿಂಗಳಿಗೆ ಆಗಿತ್ತು. ಬಾಡಿಗೆ ತಿಂಗಳಿಗೆ 9,500 ರೂಪಾಯಿ, ಅಡ್ವಾನ್ಸ್ 60,000 ರೂಪಾಯಿ. ಜೂನ್ ಮೊದಲ ವಾರದಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ನಮ್ಮೂರಿನಲ್ಲಿ ಅಪ್ಪ ತೋಟದ ಸಂಕ (ಕಾಲುಸೇತುವೆ) ದಾಟುವಾಗ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ಮೇಲೆ ಅವರನ್ನು ಎಬ್ಬಿಸಿ ಕೂರಿಸುವುದೂ ಅಮ್ಮ ಒಬ್ಬರ ಕೈಲಾಗುವ ಕೆಲಸವಲ್ಲ ಎಂಬುದು ಎರಡೇ ದಿನಗಳಲ್ಲಿ ಸ್ಪಷ್ಟವಾಯಿತು. ತೀರ್ಥಹಳ್ಳಿಯ ಶಾಲೆಯೊಂದರಲ್ಲಿ ನನಗೆ ಪಾಠ ಹೇಳುವ ಕೆಲಸ ಸಿಗುವುದು ಖಚಿತವಾದ ದಿನವೇ, ಜೂನ್ ಕೊನೆಗೆ ಮನೆ ಖಾಲಿ ಮಾಡಿ ಊರಿಗೆ ಹೋಗುವುದೆಂದು ನಾನೂ ನನ್ನ ಹೆಂಡತಿಯೂ ನಿರ್ಧರಿಸಿದೆವು. ಕರಾರಿನ ಅವಧಿ ಮುಗಿಯಲು ಇನ್ನೂ ಆರು ತಿಂಗಳು ಬಾಕಿ ಇತ್ತು.

ಆ ರಾತ್ರಿ ಕರಾರು ಪತ್ರವನ್ನು ತೆಗೆದು, ಸಹಿ ಹಾಕುವ ದಿನ ಓದಿದ್ದಕ್ಕಿಂತ ನಿಧಾನವಾಗಿ ಓದಿದೆ. ನಮಗೆ ಸಂಬಂಧಪಟ್ಟ ಷರತ್ತುಗಳು ಮೂರಿದ್ದವು. ಯಾರೇ ಕರಾರು ಕೊನೆಗೊಳಿಸುವುದಾದರೂ ಎರಡು ತಿಂಗಳ ನೋಟಿಸು ಕೊಡಬೇಕು ಎಂಬುದು ಒಂದು. ಅವಧಿಗೆ ಮೊದಲು ಬಾಡಿಗೆದಾರರು ಮನೆ ಬಿಟ್ಟರೆ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಲಾಗುವುದು ಎಂಬುದು ಇನ್ನೊಂದು. ಮನೆ ಬಿಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿಯಲಾಗುವುದು ಎಂಬುದು ಮತ್ತೊಂದು. ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡ ಮೇಲೆಯೇ ನಾನು ಮಾಲೀಕರ ಬಳಿ ಹೋದದ್ದು. ಹಾಗೆ ಬರೆದುಕೊಳ್ಳದೆ ಮಾತಿಗೆ ಕೂತಿದ್ದರೆ ಅವರು ಹೇಳಿದ ಮೊದಲ ಲೆಕ್ಕಕ್ಕೆ ನನ್ನಲ್ಲಿ ಉತ್ತರವೇ ಇರುತ್ತಿರಲಿಲ್ಲ.

ಮಾಲೀಕರು ಮೇಲಿನ ಮಹಡಿಯಲ್ಲೇ ಇದ್ದವರು, ನಿವೃತ್ತರು, ನಮ್ಮ ಮಗಳನ್ನು ಮೊಮ್ಮಗಳಂತೆ ನೋಡಿಕೊಂಡವರು. ವಿಷಯ ತಿಳಿಸಿದಾಗ ಮೊದಲು ಅಪ್ಪನ ಆರೋಗ್ಯವನ್ನೇ ವಿಚಾರಿಸಿದರು. ಆಮೇಲೆ, ‘ಮೇಷ್ಟ್ರೇ, ನಿಮ್ಮ ಕಷ್ಟ ನನಗೆ ಗೊತ್ತಾಗುತ್ತೆ. ಆದರೆ ಆಷಾಢದ ಬಾಗಿಲಲ್ಲಿ ಮನೆ ಖಾಲಿ ಮಾಡಿದರೆ ಇಲ್ಲಿಗೆ ಯಾರು ಬರ್ತಾರೆ ಹೇಳಿ? ಡಿಸೆಂಬರ್‌ವರೆಗಿನ ಬಾಡಿಗೆ ನಂಬಿಕೊಂಡು ನಾನು ಖರ್ಚು ಹಾಕಿಕೊಂಡಿದ್ದೇನೆ,’ ಎಂದರು. ಅವರ ಲೆಕ್ಕ ಹೀಗಿತ್ತು: ಜುಲೈಯಿಂದ ಡಿಸೆಂಬರ್‌ವರೆಗೆ ಆರು ತಿಂಗಳ ಬಾಡಿಗೆ 57,000, ಬಣ್ಣಕ್ಕೆ 9,500, ಒಟ್ಟು 66,500. ಎಂದರೆ ನಮ್ಮ ಅಡ್ವಾನ್ಸ್ ಪೂರ್ತಿ ಹೋಗಿ, ಮೇಲೆ ನಾವೇ 6,500 ರೂಪಾಯಿ ಕೊಡಬೇಕು. ಆಸ್ಪತ್ರೆಯ ಬಿಲ್ಲು ಕಟ್ಟಿ ಕೈ ಬರಿದಾಗಿದ್ದ ಹೊತ್ತಿನಲ್ಲಿ ಆ ಮಾತು ಕೇಳಿ ನನಗೆ ನಿಂತಲ್ಲೇ ಬೆವರು ಬಂತು. ಆದರೂ ಆಷಾಢದ ವಿಷಯದಲ್ಲಿ ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆ ವರ್ಷ ಜೂನ್ 26ಕ್ಕೆ ಆಷಾಢ ಹಿಡಿದು ಜುಲೈ 24ರ ಅಮಾವಾಸ್ಯೆಗೆ ಮುಗಿಯುತ್ತಿತ್ತು, ಮತ್ತು ನಮ್ಮ ಕಡೆ ಆ ತಿಂಗಳಲ್ಲಿ ಹೊಸ ಬಾಡಿಗೆ ಮನೆಯಲ್ಲಿ ಹಾಲು ಉಕ್ಕಿಸುವವರು ವಿರಳ. ನಾವು ಹೋಗುತ್ತಿದ್ದುದು ಸ್ವಂತ ಮನೆಗೆ, ಹಾಗಾಗಿ ನಮಗೆ ಆ ಅಡ್ಡಿ ಇರಲಿಲ್ಲ. ಅದರ ಹೊರೆ ಬೀಳುತ್ತಿದ್ದುದು ಅವರ ಮೇಲೆ.

ಅಂದು ಯಾವುದಕ್ಕೂ ಒಪ್ಪದೆ, ಒಲ್ಲೆನೆಂದೂ ಹೇಳದೆ, ಎರಡು ದಿನ ಸಮಯ ಕೇಳಿ ಕೆಳಗಿಳಿದು ಬಂದೆ. ಜೂನ್ 9ರಂದು ಒಂದು ಪುಟದ ನೋಟಿಸು ಬರೆದೆ. ಅದರಲ್ಲಿ ಕರಾರಿನ ದಿನಾಂಕ, ಮನೆ ಬಿಡುವ ಕಾರಣ, ಜೂನ್ 30ಕ್ಕೆ ಕೀಲಿಕೈ ಒಪ್ಪಿಸುತ್ತೇನೆ ಎಂಬ ಮಾತು, ಅಲ್ಲಿಯವರೆಗೆ ಮನೆ ನೋಡಲು ಬರುವವರಿಗೆ ಪ್ರತಿದಿನ ಸಂಜೆ 5ರಿಂದ 7ರವರೆಗೆ ಮನೆ ತೋರಿಸುವ ಹೊಣೆ ನನ್ನದು ಎಂಬ ಮಾತು, ಇವಿಷ್ಟೇ ಇದ್ದವು. ಎರಡು ಪ್ರತಿ ಮಾಡಿ, ಒಂದನ್ನು ಅವರ ಕೈಗೆ ಕೊಟ್ಟು, ಇನ್ನೊಂದರ ಮೇಲೆ ‘ತಲುಪಿದೆ’ ಎಂದು ಸಹಿ ಮತ್ತು ದಿನಾಂಕ ಪಡೆದೆ. ಸಹಿ ಕೇಳುವಾಗ ಸಂಕೋಚವಾಯಿತು. ಆದರೆ ನೋಟಿಸಿನ ದಿನ ಯಾವುದೆಂಬ ಪ್ರಶ್ನೆ ಮುಂದೆ ಎಂದೂ ಏಳಲಿಲ್ಲ.

ನನ್ನ ಸಹಪಾಠಿಯೊಬ್ಬರು ವಕೀಲರು. ಅವರು ಕರಾರನ್ನು ಓದಿ ಹೇಳಿದ ಸಂಗತಿಗಳು ನನಗೆ ಹೊಸವು. ಕರಾರಿನಲ್ಲಿ ನೋಟಿಸಿನ ಮಾತೇ ಇಲ್ಲದಿದ್ದರೆ 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 106ನೇ ಕಲಮಿನಂತೆ ತಿಂಗಳ ಬಾಡಿಗೆಗೆ 15 ದಿನಗಳ ನೋಟಿಸು ಸಾಕಾಗುತ್ತಿತ್ತು. ಆದರೆ ನಾವು ಎರಡು ತಿಂಗಳೆಂದು ಬರೆದುಕೊಟ್ಟಿರುವುದರಿಂದ ಆ ಬರಹವೇ ನಮ್ಮನ್ನು ಕಟ್ಟುತ್ತದೆ. ಇನ್ನು ಅವಧಿಗೆ ಮೊದಲು ಬಿಟ್ಟದ್ದಕ್ಕೆ ಕೊಡಬೇಕಾದ ಹಣದ ಮಟ್ಟಿಗೆ, 1872ರ ಕರಾರು ಅಧಿನಿಯಮದ 74ನೇ ಕಲಮಿನಂತೆ ಪತ್ರದಲ್ಲಿ ಬರೆದ ಮೊತ್ತ ಮೇಲಿನ ಮಿತಿ ಮಾತ್ರ. ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟಕ್ಕೇ ಹಕ್ಕು. ನಷ್ಟವನ್ನು ಅಳೆಯುವಾಗ ಅದನ್ನು ತಗ್ಗಿಸಿಕೊಳ್ಳಲು ಇದ್ದ ದಾರಿಯನ್ನೂ ಗಮನಕ್ಕೆ ತೆಗೆದುಕೊಳ್ಳಬೇಕೆಂದು 73ನೇ ಕಲಮಿನ ವಿವರಣೆ ಹೇಳುತ್ತದೆ. ‘ಆರು ತಿಂಗಳ ಬಾಡಿಗೆ ಎಂದು ನಿಮ್ಮ ಪತ್ರದಲ್ಲೇ ಇಲ್ಲ. ನೋಟಿಸು ಕಡಿಮೆಯಾದದ್ದಕ್ಕೂ, ಬೇಗ ಬಿಟ್ಟದ್ದಕ್ಕೂ ಒಂದೇ ನಷ್ಟವನ್ನು ಎರಡು ಸಲ ಎಣಿಸಲಿಕ್ಕೂ ಬರುವುದಿಲ್ಲ. ಆದರೆ ಇದನ್ನೆಲ್ಲ ಅವರ ಎದುರು ಓದಬೇಡ. ಮನೆ ಖಾಲಿ ಬೀಳದಂತೆ ನೋಡಿಕೋ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ,’ ಎಂದು ಅವರು ಹೇಳಿದ್ದನ್ನೇ ನಾನು ಹಿಡಿದುಕೊಂಡೆ.

ಮನೆ ಖಾಲಿಯಾಗುವ ಮುನ್ನವೇ ಗೇಟಿಗೆ ಫಲಕ ಹಾಕಲು ಮಾಲೀಕರಿಗೆ ಮನಸ್ಸಿರಲಿಲ್ಲ. ಒಪ್ಪಿಸಿ, ‘ಮನೆ ಬಾಡಿಗೆಗೆ ಇದೆ’ ಎಂದು ನಾನೇ ರಟ್ಟಿನ ಮೇಲೆ ಬರೆದು, ಮಳೆಗೆ ಕರಗದಂತೆ ಪ್ಲಾಸ್ಟಿಕ್ ಹಾಳೆ ಸುತ್ತಿ ಕಟ್ಟಿದೆ. ದಲ್ಲಾಳಿಗೆ ಹೇಳಿದ್ದರೆ ಕಮಿಷನ್ ಯಾರು ಕೊಡಬೇಕೆಂಬ ಇನ್ನೊಂದು ಚರ್ಚೆ ಹುಟ್ಟುತ್ತಿತ್ತು, ಆದ್ದರಿಂದ ಪರಿಚಯದವರಲ್ಲೇ ಹುಡುಕಿದೆ. ಎಂಟು ಕುಟುಂಬಗಳು ಬಂದು ನೋಡಿಹೋದವು. ಏಳು ಮಂದಿ ‘ಆಷಾಢ ಕಳೆಯಲಿ’ ಎಂದು ಹೋದವರು ಮತ್ತೆ ಫೋನು ಮಾಡಲಿಲ್ಲ. ಎಂಟನೆಯವರು ಮೆಗ್ಗಾನ್ ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿರುವ ಒಬ್ಬ ಮಹಿಳೆ. ಅವರು 5,000 ರೂಪಾಯಿ ಟೋಕನ್ ಕೊಟ್ಟು, ಶ್ರಾವಣದ ಮೊದಲ ಸೋಮವಾರ, ಅಂದರೆ ಜುಲೈ 28ಕ್ಕೆ ಹಾಲು ಉಕ್ಕಿಸುತ್ತೇವೆ, ಅಂದಿನಿಂದ ಬಾಡಿಗೆ ಹಿಡಿಯಿರಿ ಎಂದರು. ಆ ಟೋಕನ್ ಕೈಗೆ ಬಂದ ಸಂಜೆ ಮಾಲೀಕರ ಮಾತಿನ ಧಾಟಿಯೇ ಬದಲಾಯಿತು. ಆರು ತಿಂಗಳ ಪ್ರಸ್ತಾಪವನ್ನು ಅವರಾಗಿಯೇ ಬಿಟ್ಟರು. ಜುಲೈ 1ರಿಂದ 27ರವರೆಗೆ ಮನೆ ಖಾಲಿ ಇರುವ ದಿನಗಳ ಬಾಡಿಗೆಯನ್ನು ನಾನು ಕೊಡುವುದು, ಎರಡು ತಿಂಗಳ ಮುರಿತವನ್ನು ಅವರು ಕೈಬಿಡುವುದು ಎಂದಾಯಿತು. 9,500ರಲ್ಲಿ 31 ದಿನಗಳಿಗೆ 27 ದಿನಗಳೆಂದರೆ 8,274. ಅದನ್ನು 8,300 ಎಂದು ಗುಂಡು ಮಾಡಿದೆವು.

ಬಣ್ಣದ ವಿಷಯ ಮಾತ್ರ ಸುಲಭಕ್ಕೆ ಬಗೆಹರಿಯಲಿಲ್ಲ. ನಾವು ಮಲಗುವ ಕೋಣೆಯ ಉತ್ತರದ ಗೋಡೆಯಲ್ಲಿ, ಬೀರುವಿನ ಹಿಂದೆ, ನೆಲದಿಂದ ಎದೆಯೆತ್ತರದವರೆಗೆ ಬೂಷ್ಟು ಹಿಡಿದಿತ್ತು. ಬೀರುವನ್ನು ಗೋಡೆಗೆ ಒತ್ತರಿಸಿ ಇಟ್ಟು ಗಾಳಿಯಾಡದಂತೆ ಮಾಡಿದ್ದೇ ಕಾರಣ, ಹಾಗಾಗಿ ಮನೆಗೆಲ್ಲ ಬಣ್ಣ ಹೊಡೆಸುವ 9,500 ನಿಮ್ಮದೇ ಎಂಬುದು ಅವರ ವಾದ. ನಾನು ಪರಿಚಯದ ಪೇಂಟರ್ ಒಬ್ಬರನ್ನು ಕರೆತಂದೆ. ಅವರು ಮಾತಾಡದೆ ಕೆರೆಯುವ ಪಟ್ಟಿಯಿಂದ ಗೋಡೆಯನ್ನು ಒಂದು ಅಂಗೈಯಷ್ಟು ಕೆರೆದರು. ಬಣ್ಣ ಪುಡಿಯಾಗಿ ಉದುರದೆ ಒದ್ದೆ ಸಿಪ್ಪೆಯಂತೆ ಸುಲಿದು ಬಂತು. ಒಳಗಿನ ಗಾರೆಯನ್ನು ಮಾಲೀಕರೇ ಹೆಬ್ಬೆರಳಿನಿಂದ ಒತ್ತಿ ನೋಡಿದರು, ಉಗುರಿನ ಸುತ್ತ ನೀರು ಮೂಡಿತು. ಆಮೇಲೆ ಮೂವರೂ ಕೊಡೆ ಹಿಡಿದು ಹೊರಗೆ ಹೋಗಿ ಅದೇ ಗೋಡೆಯ ಹಿಂಬದಿಯನ್ನು ನೋಡಿದೆವು. ತಾರಸಿಯಿಂದ ಮಳೆನೀರು ಇಳಿಸುವ ಪೈಪಿನ ಜೋಡಣೆ ಬಿಟ್ಟುಕೊಂಡು ನೀರು ಗೋಡೆಯ ಮೇಲೇ ಹರಿಯುತ್ತಿತ್ತು, ಪಾಚಿ ಕಟ್ಟಿದ ಹಸಿರು ಗೆರೆ ಒಳಗಿನ ಕಲೆ ಇದ್ದಷ್ಟೇ ಅಗಲಕ್ಕೆ ಇಳಿದಿತ್ತು. ಅವರು ಬಹಳ ಹೊತ್ತು ಅದನ್ನೇ ನೋಡುತ್ತಾ ನಿಂತು, ‘ಇದು ನಂದು ಬಿಡಿ’ ಎಂದರು.

ಅಷ್ಟೇ ಪ್ರಾಮಾಣಿಕವಾಗಿ ನಾನೂ ನಮ್ಮ ಪಾಲನ್ನು ಒಪ್ಪಿಕೊಳ್ಳಬೇಕಿತ್ತು. ಹಾಲ್‌ನ ಗೋಡೆಯ ಮೇಲೆ ಮೂರು ವರ್ಷದ ಮಗಳು ಕ್ರೇಯಾನಿನಲ್ಲಿ ಗೀಚಿದ್ದಳು, ಫ್ಯಾಮಿಲಿ ಫೋಟೋಗಳಿಗೆ ಹೊಡೆದ ಮೊಳೆಯ ತೂತುಗಳು ಏಳೆಂಟು ಇದ್ದವು. ಸಹಜ ಬಳಕೆಯಿಂದಾಗುವ ಸವೆತವನ್ನು ಬಿಟ್ಟು, ಪಡೆದ ಸ್ಥಿತಿಯಲ್ಲೇ ಮನೆಯನ್ನು ಹಿಂದಿರುಗಿಸುವುದು ಬಾಡಿಗೆದಾರರ ಕರ್ತವ್ಯವೆಂದು ಸ್ವತ್ತು ವರ್ಗಾವಣೆ ಅಧಿನಿಯಮದ 108ನೇ ಕಲಮು ಹೇಳುತ್ತದೆ. ಮಗುವಿನ ಕ್ರೇಯಾನ್ ಸಹಜ ಸವೆತದ ಲೆಕ್ಕಕ್ಕೆ ಬರುತ್ತದೆಂದು ವಾದಿಸುವುದು ನನಗೆ ಸರಿಕಾಣಲಿಲ್ಲ. ಹಾಲ್ ಒಂದಕ್ಕೆ ಪುಟ್ಟಿ ಹಾಕಿ ಬಣ್ಣ ಹೊಡೆಯಲು ಪೇಂಟರ್ ಹೇಳಿದ 3,500 ರೂಪಾಯಿಯನ್ನು ನಾನು ಕೊಟ್ಟೆ. ಮನೆ ಸೇರಿದ ದಿನ ಪ್ರತಿ ಕೋಣೆಯ ಫೋಟೋ ತೆಗೆದು ಮಾಲೀಕರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದೆ. ಅಡುಗೆಮನೆಯ ಬಿರುಕು ಬಿಟ್ಟ ಟೈಲ್ಸ್ ಮತ್ತು ಬಚ್ಚಲಿನ ಸೋರುವ ನಲ್ಲಿ ಮೊದಲೇ ಇದ್ದವೆಂಬುದನ್ನು ಆ ಫೋಟೋಗಳೇ ಹೇಳಿದವು.

ಹೊಸ ಕರಾರಿನ ಇ-ಸ್ಟಾಂಪ್ ಮತ್ತು ಟೈಪಿಂಗ್ ಖರ್ಚು 600, ಬಾಕಿ ನೀರಿನ ಶುಲ್ಕ 420 ನನ್ನ ಪಾಲಿಗೆ ಬಂದವು. ಹೀಗೆ ಅಡ್ವಾನ್ಸಿನಲ್ಲಿ ಕಡಿತವಾದದ್ದು ಒಟ್ಟು 12,820 ರೂಪಾಯಿ, ನನಗೆ ಮರಳಬೇಕಾದದ್ದು 47,180. ಕಡಿತದ ಹೊರಗೆ, ಸಾಮಾನು ಸಾಗಿಸಲು ಟೆಂಪೋಗೆ 5,000, ಹತ್ತಿಸಿ ಇಳಿಸಿದ ಹಮಾಲರಿಗೆ 1,800 ಆಯಿತು. ಗಾಜನೂರು, ಮಂಡಗದ್ದೆ ದಾಟುವವರೆಗೂ ಬಿಡದೆ ಹೊಯ್ದ ಮಳೆಗೆ ಟಾರ್ಪಾಲು ಒಂದು ಮೂಲೆಯಲ್ಲಿ ಹಾರಿ ಹತ್ತಿಯ ಹಾಸಿಗೆ ನೆನೆಯಿತು, ಅದು ಮತ್ತೆ ಬಳಕೆಗೆ ಬರಲಿಲ್ಲ. ಆರು ತಿಂಗಳಿಗೆಂದು ಒಟ್ಟಿಗೆ ಕಟ್ಟಿದ್ದ ಇಂಟರ್‌ನೆಟ್ ಸಂಪರ್ಕದ ಉಳಿದ ಎರಡು ತಿಂಗಳ ಹಣ 1,200 ವಾಪಸ್ ಬರಲಿಲ್ಲ. ಊರಿನ ಮನೆಯಲ್ಲಿ ಗ್ಯಾಸ್ ಇದ್ದುದರಿಂದ ನಮ್ಮ ಸಿಲಿಂಡರ್ ಮತ್ತು ರೆಗ್ಯುಲೇಟರನ್ನು ಏಜೆನ್ಸಿಗೆ ಒಪ್ಪಿಸಿದೆವು. ಸಿಲಿಂಡರಿನ ಠೇವಣಿ ಈಗ 2,200 ಇದ್ದರೂ, ಸಂಪರ್ಕ ಪಡೆದಾಗ ನಾವು ಕಟ್ಟಿದ್ದು 1,450 ಆದ್ದರಿಂದ ಅಷ್ಟೇ ಮರಳಿತು.

ಮೆಸ್ಕಾಂ ಬಿಲ್ಲಿನ ಒಂದು ಕೆಲಸವನ್ನು ಮರೆತಿದ್ದೆ, ಹೊಸಬರೇ ನೆನಪಿಸಿದರು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ ಆ ಮನೆಯ ಆರ್.ಆರ್. ಸಂಖ್ಯೆ (ವಿದ್ಯುತ್ ಸಂಪರ್ಕದ ಸಂಖ್ಯೆ) ನನ್ನ ಆಧಾರ್‌ಗೆ ಜೋಡಣೆಯಾಗಿತ್ತು. ನಾನು ಅದನ್ನು ಬಿಡಿಸದಿದ್ದರೆ ಅವರ ಅರ್ಜಿಗೆ ತೊಡಕಾಗುತ್ತಿತ್ತು. ಸೇವಾ ಸಿಂಧುವಿನಲ್ಲಿ ಡಿ-ಲಿಂಕ್ ಮಾಡಿ, ಅದರ ಸ್ಕ್ರೀನ್‌ಶಾಟನ್ನು ಇಬ್ಬರಿಗೂ ಕಳಿಸಿದೆ.

ಜೂನ್ 30ರ ಸೋಮವಾರ ಕೀಲಿಕೈ ಒಪ್ಪಿಸುವಾಗ ಮಾಲೀಕರ ಬಳಿ ಪೂರ್ತಿ ಹಣ ಇರಲಿಲ್ಲ. ಕೊಟ್ಟ ಅಡ್ವಾನ್ಸ್ ಖರ್ಚಾಗಿ, ಮುಂದಿನವರ ಅಡ್ವಾನ್ಸ್ ಬಂದ ಮೇಲೆ ಹಿಂದಿನವರಿಗೆ ಕೊಡುವುದು ನಮ್ಮ ಊರುಗಳಲ್ಲಿ ನಡೆದುಕೊಂಡು ಬಂದ ರೂಢಿ, ಅದನ್ನು ನಾನು ನಿರೀಕ್ಷಿಸಿಯೇ ಇದ್ದೆ. ಆದ್ದರಿಂದ ಅಂದು 20,000 ಪಡೆದು, ಉಳಿದ 27,180 ರೂಪಾಯಿಯನ್ನು ಜುಲೈ 31ರೊಳಗೆ ಕೊಡತಕ್ಕದ್ದೆಂದೂ, ಮನೆಯ ಸ್ವಾಧೀನ ಇಂದೇ ಬಿಟ್ಟುಕೊಟ್ಟಿದೆಯೆಂದೂ, ಮೀಟರಿನ ರೀಡಿಂಗ್ ಇಷ್ಟೆಂದೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಕರಾರು ಪತ್ರದ ಮೇಲೆ ಅಡ್ಡಗೆರೆ ಎಳೆದು ‘ರದ್ದು’ ಎಂದು ಬರೆಯುವುದನ್ನು ಬಾಕಿ ಹಣ ಸಂದಾಯವಾಗುವ ದಿನಕ್ಕೆ ಇಟ್ಟುಕೊಂಡೆವು.

ಜುಲೈ 29ರ ಬೆಳಿಗ್ಗೆ, ಅಪ್ಪ ವಾಕರ್ ಹಿಡಿದು ಜಗಲಿಯವರೆಗೆ ನಡೆಯುವ ಅಭ್ಯಾಸ ಮಾಡುತ್ತಿದ್ದಾಗ, ಖಾತೆಗೆ 27,180 ರೂಪಾಯಿ ಬಂದ ಸಂದೇಶ ಬಂತು. ಹಿಂದೆಯೇ ಮಾಲೀಕರ ಫೋನೂ ಬಂತು. ಪೈಪಿನ ಜೋಡಣೆ ಸರಿಮಾಡಿಸಿ ಗೋಡೆ ಒಣಗಿದೆ ಎಂದರು, ಅಪ್ಪ ಎಷ್ಟು ಹೆಜ್ಜೆ ನಡೆಯುತ್ತಾರೆ ಎಂದು ಕೇಳಿದರು. ಮುಂದಿನ ಭಾನುವಾರ ಶಿವಮೊಗ್ಗಕ್ಕೆ ಹೋದಾಗ ಅವರ ಮನೆಯಲ್ಲೇ ಕೂತು ಕರಾರಿಗೆ ಅಡ್ಡಗೆರೆ ಎಳೆದೆವು.