ಮಾನಸಿಕ ಕಾಯಿಲೆಯ ಹೆಸರಲ್ಲಿ ಸೇನೆಯಿಂದ ಬಿಡುಗಡೆ: ಅಪೀಲು ಗೆಲ್ಲುವ ದಾರಿ

ಅಂಗವೈಕಲ್ಯ ಪಿಂಚಣಿಗೆ ಅಡ್ಡ ನಿಲ್ಲುವುದು ಮೆಡಿಕಲ್ ಬೋರ್ಡಿನ (ಸೇನಾ ವೈದ್ಯರ ಮಂಡಳಿ) ಒಂದೇ ಸಾಲು: ಕಾಯಿಲೆ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ. ಕಾಯಿಲೆಯೇ ಇಲ್ಲ ಎಂದು ವಾದಿಸಿದರೆ ಕೇಸು ಕೆಡುತ್ತದೆ. ಆ ಸಾಲಿಗೆ ಕಾರಣ ಎಲ್ಲಿದೆ ಎಂದು ಕೇಳಬೇಕು.

ಮೊದಲು ಸೈನಿಕನ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಮಾಹಿತಿ ಹಕ್ಕಿನ ಅರ್ಜಿ: ಬೋರ್ಡಿನ ಪೂರ್ತಿ ನಡಾವಳಿ, ಭರ್ತಿಯ ವೈದ್ಯಕೀಯ ತಪಾಸಣೆ, ಆಸ್ಪತ್ರೆಯ ಕೇಸ್ ಶೀಟ್, ಪೋಸ್ಟಿಂಗ್ ವಿವರ. ಎಎಫ್‌ಎಂಎಸ್‌ಎಫ್-10 ಮರೆಯಬೇಡಿ. ಮನೋವೈದ್ಯರ ಬಳಿ ಕಳಿಸುವಾಗ ಕಮಾಂಡಿಂಗ್ ಆಫೀಸರ್ ಬರೆಯುವ ವರದಿ ಅದು; ಒತ್ತಡದ ಡ್ಯೂಟಿಯ ಪ್ರಸ್ತಾಪ ಅಲ್ಲಿದ್ದರೆ ಬೋರ್ಡಿನ ಮಾತಿಗೆ ಅದೇ ಉತ್ತರ.

ಭರ್ತಿಯಲ್ಲಿ ಕಾಯಿಲೆ ನಮೂದಾಗಿರದಿದ್ದರೆ ಸಂಶಯದ ಲಾಭ ಸೈನಿಕನಿಗೆ ಎಂಬುದು ಧರಮ್‌ವೀರ್ ಸಿಂಗ್ ತೀರ್ಪು (2013). ಸ್ಕಿಜೋಫ್ರೇನಿಯಾ ಕೇಸುಗಳಲ್ಲಿ ಅಷ್ಟನ್ನೇ ನೆಚ್ಚಿಕೊಳ್ಳಬೇಡಿ, ಇಂಥ ಕಾಯಿಲೆ ಭರ್ತಿಯ ವೇಳೆ ಪತ್ತೆಯಾಗದಿರಬಹುದು ಎಂದ ನರಸಿಂಗ್ ಯಾದವ್ ತೀರ್ಪನ್ನು (2019) ಸರ್ಕಾರ ಮುಂದಿಡುತ್ತದೆ. ಅಲ್ಲಿ ಆಸರೆ ವೀರಪಾಲ್ ಸಿಂಗ್ (2013): ಕಾರಣವಿಲ್ಲದ ಅಭಿಪ್ರಾಯವನ್ನು ಒಪ್ಪದ ಸುಪ್ರೀಂ ಕೋರ್ಟ್, ಮತ್ತೊಮ್ಮೆ ಪರೀಕ್ಷಿಸುವ ರಿವ್ಯೂ ಮೆಡಿಕಲ್ ಬೋರ್ಡ್ ನಡೆಸಲು ಆದೇಶಿಸಿತು. ಪರ್ಯಾಯವಾಗಿ ಈ ಬೇಡಿಕೆಯನ್ನೂ ಬರೆಯಿರಿ.

ಪಿಂಚಣಿ ತಿರಸ್ಕಾರವಾದ 6 ತಿಂಗಳೊಳಗೆ ಮೊದಲ ಅಪೀಲು, ಆಮೇಲೆ ಎರಡನೆಯದು. ಇವನ್ನು ಹಾರಿ ನೇರ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋದರೆ ಸಾಮಾನ್ಯವಾಗಿ ವಾಪಸ್ ಕಳಿಸುತ್ತಾರೆ. ಅಂತಿಮ ಆದೇಶದಿಂದ ಅಲ್ಲಿಗೂ 6 ತಿಂಗಳ ಗಡುವು. ತಡವಾಗಿದ್ದರೆ ವಿಳಂಬ ಮನ್ನಾ ಅರ್ಜಿ ಜೊತೆಗಿರಲಿ.